ಬೆಲ್ಲ ಹಾಕುವ ಹೊತ್ತು

ಹೊಳೆ ಕಡಲು ಸೇರುವ ಮೊದಲು ಒಂದು ಸುತ್ತು ತಿರುಗುವ ಜಾಗದಲ್ಲಿ ಒಬ್ಬರು ಗುರು ಇದ್ದರು. ಎಲ್ಲರೂ ಅವರನ್ನು ಅಜ್ಜಯ್ಯ ಎನ್ನುತ್ತಿದ್ದರು.

ಆಶ್ರಮವೆಂದರೆ ಹಂಚಿನ ಮಾಡಿನ ಒಂದು ಮನೆ, ಐದಾರು ಶಿಷ್ಯರು, ಹಿತ್ತಿಲಲ್ಲಿ ಗೆಣಸು, ಬೇಲಿಯ ಉದ್ದಕ್ಕೂ ಅನಾನಸು. ಪ್ರವಚನ ಕೇಳಲು ಬಂದವರು ನಿರಾಸೆಯಿಂದ ಹೋಗುತ್ತಿದ್ದರು. ಊಟಕ್ಕೆ ಬಂದವರು ಮತ್ತೆ ಬರುತ್ತಿದ್ದರು.

ಅಲ್ಲಿಯ ಅಡುಗೆಮನೆಗೆ ಒಂದು ಕಟ್ಟಳೆ ಇತ್ತು. ಅಡುಗೆ ಮಾಡಿದವನು ಮೊದಲು ರುಚಿ ನೋಡುವಂತಿಲ್ಲ. ಮೊದಲ ತುತ್ತು ಬಂದವರದು. ಎಲ್ಲರೂ ಉಂಡು ಎದ್ದ ಮೇಲೆ ಅಡುಗೆಯವನು ಅದೇ ಪಾತ್ರೆಯಿಂದ ಬಡಿಸಿಕೊಂಡು ಉಣ್ಣಬೇಕು.

ಆ ವರ್ಷ ಅಡುಗೆ ತನಿಯಪ್ಪನದು. ನಲವತ್ತು ದಾಟಿದ ಆಳು, ಮೆದು ಮಾತಿನವ. ನಾಲ್ಕು ವರ್ಷ ತೋಟ ನೋಡಿಕೊಂಡಿದ್ದ. ಸೌಟು ಕೈಗೆ ಬಂದು ಮೂರು ತಿಂಗಳಾಗಿತ್ತು. ಅನ್ನ, ಸಾರು, ಸೊಪ್ಪಿನ ಪಲ್ಯ ಇಷ್ಟು ಅವನಿಗೆ ಬರುತ್ತಿತ್ತು. ಅಷ್ಟಕ್ಕೇ ತಾನು ದೊಡ್ಡ ಅಡುಗೆಭಟ್ಟ ಎಂಬ ಗತ್ತು ಸ್ವಲ್ಪ ಬಂದಿತ್ತು.

ಒಂದು ಸಂಜೆ ಅವನು ಒಂದು ಕಾಗದ ಹಿಡಿದುಕೊಂಡು ಗುರುಗಳ ಮುಂದೆ ನಿಂತ.

"ಅಜ್ಜಯ್ಯ, ನಾಳೆ ನನ್ನ ಅಣ್ಣ ಬರ್ತಾನೆ. ದೂಮಪ್ಪ. ಮಧ್ಯಾಹ್ನ ಉಂಡು ಮೂರು ಗಂಟೆಯ ದೋಣಿಗೆ ಹೋಗ್ತಾನಂತೆ."

"ಒಳ್ಳೆಯದಾಯ್ತಲ್ಲ. ಅವನನ್ನು ನೋಡಿ ಎಷ್ಟು ಕಾಲ ಆಯ್ತು?"

"ಏಳು ವರ್ಷ."

"ಓಹೋ. ಯಾಕೆ ಅಷ್ಟು?"

ತನಿಯಪ್ಪ ಕಾಗದವನ್ನು ಮಡಚಿದ, ಬಿಡಿಸಿದ, ಮತ್ತೆ ಮಡಚಿದ.

"ಅಮ್ಮ ತೀರಿಕೊಳ್ಳುವಾಗ ನಾನು ಅವನಿಗೆ ಹೇಳಿ ಕಳಿಸ್ಲಿಲ್ಲ. ಅವಳನ್ನು ಎರಡು ವರ್ಷ ಹಾಸಿಗೆಯಲ್ಲಿ ನೋಡಿಕೊಂಡದ್ದು ನಾನು. ಅವಳ ಬಾಯಲ್ಲಿ ಮಾತ್ರ ದಿನಾ ಅವನ ಹೆಸರು. ನನಗೆ ಹೊಟ್ಟೆ ಉರೀತಿತ್ತು, ಅಜ್ಜಯ್ಯ. ಅವನು ಬರುವಾಗ ಎಲ್ಲಾ ಮುಗಿದಿತ್ತು."

"ಅವನು ಕೇಳ್ಲಿಲ್ವಾ?"

"ಕೇಳಿದ. ಬಸ್ಸಿನ ಕಂಡಕ್ಟರ್ ಮೋನಪ್ಪನ ಹತ್ರ ಹೇಳಿ ಕಳಿಸಿದ್ದೆ, ಅವನು ನಿನಗೆ ಮುಟ್ಟಿಸ್ಲಿಲ್ಲ ಅಂತ ಹೇಳಿಬಿಟ್ಟೆ. ಮೋನಪ್ಪ ಅಣ್ಣನ ಸಣ್ಣಂದಿನ ಜೊತೆಗಾರ. ಆ ದಿನದಿಂದ ಅಣ್ಣ ಅವನ ಹತ್ರ ಮಾತಾಡಿದ್ದಿಲ್ಲ. ನನಗೂ ಅಣ್ಣನ ಮುಖ ನೋಡಲಿಕ್ಕೆ ಆಗ್ಲಿಲ್ಲ."

ಅಜ್ಜಯ್ಯ ಅವನ ಕೈಯ ಕಾಗದವನ್ನು ನೋಡಿದರು.

"ನಾಳೆ ಹೇಳ್ತೀಯಾ?"

"ಮೊದಲು ಅವನ ಮನಸ್ಸು ಸ್ವಲ್ಪ ಸಿಹಿ ಆಗ್ಲಿ. ಆಮೇಲೆ ಯಾವಾಗಾದ್ರೂ ನೋಡುವ. ಅಮ್ಮ ಮಾಡ್ತಿದ್ದ ಗೆಣಸಿನ ಬೆಲ್ಲದ ಪಲ್ಯ ಮಾಡ್ತೇನೆ ನಾಳೆ. ಗೆಣಸಿಗೆ ಅನಾನಸು, ಬೆಲ್ಲ, ಶುಂಠಿ, ಕೊನೆಗೆ ದಪ್ಪ ಕಾಯಿಹಾಲು. ಪಾಕ ಹಿಡಿದು ತಾಮ್ರದ ಹಾಗೆ ಹೊಳೀತಿತ್ತು. ಅಣ್ಣ ಬಟ್ಟಲು ನೆಕ್ಕುತ್ತಿದ್ದ."

"ಅಮ್ಮ ಮಾಡುವುದನ್ನು ನೋಡಿದ್ದೀಯಾ?"

"ತಿಂದದ್ದು ಗೊತ್ತುಂಟು" ಎಂದ ತನಿಯಪ್ಪ.

ಅಜ್ಜಯ್ಯನಿಗೆ ನಗು ಬಂತು. "ಹಿತ್ತಿಲಲ್ಲಿ ಗೆಣಸು ಬೇಕಾದಷ್ಟು ಉಂಟು. ಅಗೆದುಕೋ" ಎಂದರು.

ಮರುದಿನ ಬೆಳಿಗ್ಗೆ ತನಿಯಪ್ಪ ಗೆಣಸನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿದ. ಅನಾನಸನ್ನು ಮುಳ್ಳು ತೆಗೆದು ತುಂಡು ಮಾಡಿದ. ಬಾಣಲೆ ಇಟ್ಟು ಎಣ್ಣೆ ಕಾಯಿಸಿ, ಗೆಣಸು, ಅನಾನಸು, ಒಂದು ಅಚ್ಚು ಬೆಲ್ಲ ಎಲ್ಲವನ್ನೂ ಒಟ್ಟಿಗೇ ಸುರಿದ.

ಅಜ್ಜಯ್ಯ ಬಾಗಿಲ ಬಳಿ ಕೂತು ನುಗ್ಗೆಸೊಪ್ಪು ಬಿಡಿಸುತ್ತಿದ್ದರು. ಅವರ ಕೈ ಒಂದು ಕ್ಷಣ ನಿಂತಿತು.

"ಬೆಲ್ಲ ಈಗಲೇ ಹಾಕಿದೆಯಾ?"

"ಹೌದು ಅಜ್ಜಯ್ಯ. ಮೊದಲೇ ಹಾಕಿದ್ರೆ ಸಿಹಿ ಒಳಗಿನವರೆಗೂ ಇಳೀತದೆ."

"ಹಾಗಾ" ಎಂದು ಅಜ್ಜಯ್ಯ ಮತ್ತೆ ಸೊಪ್ಪು ಬಿಡಿಸತೊಡಗಿದರು.

ಬೆಲ್ಲ ಕರಗಿತು, ನೊರೆಯೆದ್ದಿತು, ಅಂಟಾಯಿತು. ಮನೆಯೆಲ್ಲ ಘಮಘಮ. ಕಾಯಿಹಾಲು ಬಿದ್ದ ಮೇಲೆ ಪಾಕ ಬಿಲ್ಲೆಗಳನ್ನು ಸುತ್ತಿಕೊಂಡು ಹೊಳೆಯಿತು. ಅಮ್ಮನ ಕಾಲದಲ್ಲಿ ಹೊಳೆಯುತ್ತಿದ್ದ ಹಾಗೆಯೇ. ತನಿಯಪ್ಪನ ಕಣ್ಣು ತುಂಬಿಬಂತು. ಒಂದು ಬಿಲ್ಲೆಯನ್ನು ಚುಚ್ಚಿ ನೋಡಬಹುದಿತ್ತು. ಅದಕ್ಕೆ ಕಟ್ಟಳೆಯ ಅಡ್ಡಿಯಿರಲಿಲ್ಲ. ಆದರೆ ಚುಚ್ಚಿದರೆ ಅಂದ ಕೆಡುತ್ತದೆ ಎಂದು ಅವನು ಬಿಟ್ಟ.

ದೂಮಪ್ಪ ಹನ್ನೆರಡೂವರೆಗೆ ಬಂದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಅಣ್ಣ ತಮ್ಮ ಇಬ್ಬರೂ ಅಂಗಳದಲ್ಲಿ ನಿಂತು, ಯಾರು ಮೊದಲು ಮಾತಾಡಬೇಕೆಂದು ತಿಳಿಯದೆ ಕೋಳಿಗಳನ್ನು ನೋಡಿದರು.

"ಸಪೂರ ಆಗಿದ್ದೀ" ಎಂದ ದೂಮಪ್ಪ.

"ಬಾ ಅಣ್ಣ, ಎಲೆ ಹಾಕಿದ್ದೇನೆ" ಎಂದ ತನಿಯಪ್ಪ.

ಅನ್ನ ಬಡಿಸುವ ಮೊದಲೇ ಎಲೆಯ ತುದಿಗೆ ಗೆಣಸು ಬಡಿಸಿದ. ದೂಮಪ್ಪ ಅದನ್ನು ನೋಡಿದವನು ನೋಡುತ್ತಲೇ ಉಳಿದ.

"ಅಮ್ಮನದ್ದು" ಎಂದ.

ಒಂದು ಬಿಲ್ಲೆ ಬಾಯಿಗಿಟ್ಟ. ಅವನ ದವಡೆ ಒಮ್ಮೆ ನಿಂತು, ಮತ್ತೆ ನಿಧಾನಕ್ಕೆ ಆಡಿತು.

"ಹೇಗುಂಟು ಅಣ್ಣ?"

"ಲಾಯ್ಕುಂಟು."

ತನಿಯಪ್ಪ ಖುಷಿಯಿಂದ ಇನ್ನೊಂದು ಸೌಟು ಹಾಕಿದ. ದೂಮಪ್ಪ ಬೇಡ ಎನ್ನಲಿಲ್ಲ. ಒಂದೊಂದೇ ಬಿಲ್ಲೆಯನ್ನು, ನಡುವೆ ನೀರು ಕುಡಿಯುತ್ತ, ಪೂರ್ತಿ ತಿಂದ.

ಕೊನೆಗೆ ಮಜ್ಜಿಗೆ ಕಲಸುತ್ತ ಹೇಳಿದ, "ಮೊನ್ನೆ ಪೇಟೆಯಲ್ಲಿ ಮೋನಪ್ಪ ಎದುರು ಸಿಕ್ಕಿದ. ನಗಾಡಲಿಕ್ಕೆ ನೋಡಿದ. ನಾನು ಮುಖ ತಿರುಗಿಸಿ ಬಂದೆ. ಅಮ್ಮನ ಮುಖ ನೋಡಲಿಕ್ಕೆ ಆಗದ ಹಾಗೆ ಮಾಡಿದವ. ಸಾಯುವವರೆಗೆ ನಾನು ಅವನನ್ನು ಮಾತಾಡಿಸ್ಲಿಕ್ಕಿಲ್ಲ."

ತನಿಯಪ್ಪನ ಕೈಯ ಸೌಟು ಗಾಳಿಯಲ್ಲೇ ನಿಂತಿತು. ಅಜ್ಜಯ್ಯ ಆಚೆ ಎಲೆಯ ಮುಂದೆ ತಲೆ ಎತ್ತದೆ ಉಣ್ಣುತ್ತಿದ್ದರು.

"ಹೋಗ್ಲಿ ಬಿಡು ಅಣ್ಣ, ಹಳೇದೆಲ್ಲ ಈಗ ಯಾಕೆ" ಎಂದ ತನಿಯಪ್ಪ. "ಇನ್ನು ಸ್ವಲ್ಪ ಗೆಣಸು ಹಾಕ್ತೇನೆ."

"ಸಾಕು ಮಾರಾಯ. ಹೊಟ್ಟೆ ತುಂಬಿತು."

ಊಟವಾದ ಮೇಲೆ ದೂಮಪ್ಪ ಹೊಳೆಯ ಮೆಟ್ಟಿಲಿಗೆ ಹೋಗಿ ಹೊನ್ನೆಮರದ ನೆರಳಲ್ಲಿ ದೋಣಿಗೆ ಕಾಯುತ್ತ ಕೂತ. ಶಿಷ್ಯರೆಲ್ಲ ಎದ್ದರು. ತನಿಯಪ್ಪ ಕೊನೆಯಲ್ಲಿ ತನ್ನ ಎಲೆ ಹಾಕಿಕೊಂಡ. ಬಾಣಲೆಯಲ್ಲಿ ಉಳಿದಿದ್ದ ಗೆಣಸನ್ನು ಬಡಿಸಿಕೊಂಡು ಒಂದು ಬಿಲ್ಲೆ ಬಾಯಿಗೆ ಹಾಕಿದ.

ಕರಕ್ ಎಂದಿತು.

ಹೊರಗೆ ಬೆಲ್ಲದ ಸವಿ. ಒಳಗೆ ಹಸಿ ಗೆಣಸು. ಇನ್ನೊಂದು ಬಿಲ್ಲೆ ಕಚ್ಚಿದ, ಅದೂ ಹಾಗೆಯೇ. ಅವನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ಅಜ್ಜಯ್ಯ, ಇದು ಬೆಂದೇ ಇಲ್ಲ!"

"ಇಲ್ಲ."

"ಅಣ್ಣ ಅಷ್ಟೂ ತಿಂದ. ಲಾಯ್ಕುಂಟು ಅಂದ."

"ನಿನ್ನ ಮುಖ ನೋಡಿ ತಿಂದ ಪಾಪ. ಅವನ ಹಲ್ಲು ಗಟ್ಟಿ ಉಂಟು."

ತನಿಯಪ್ಪ ಎಲೆ ಬಿಟ್ಟೆದ್ದ. ಬಾಣಲೆಯನ್ನು ಮತ್ತೆ ಒಲೆಗೇರಿಸಿ, ನೀರು ಸುರಿದು, ಸೌದೆ ತುರುಕಿ ಊದಿದ. "ದೋಣಿಗೆ ಇನ್ನೂ ಒಂದು ಗಂಟೆ ಉಂಟು. ಬೇಯಿಸಿ ಒಂದು ಡಬ್ಬಿಯಲ್ಲಿ ಹಾಕಿ ಕೊಡ್ತೇನೆ."

ನೀರು ಕುದಿದು ಇಂಗಿತು. ಮತ್ತೆ ಹಾಕಿದ. ಅದೂ ಇಂಗಿತು. ಪಾಕ ಕಪ್ಪಾಗಿ ತಳ ಹಿಡಿಯಿತು. ಚುಚ್ಚಿದರೆ ಗೆಣಸು ಹಾಗೆಯೇ ಗಟ್ಟಿ.

"ಇದು ಎಂತ ಗೆಣಸು ಅಜ್ಜಯ್ಯ!"

"ಗೆಣಸಿನದ್ದು ತಪ್ಪಿಲ್ಲ. ಬೆಲ್ಲ, ಅನಾನಸಿನ ಹುಳಿ ಹಿಡಿದ ಮೇಲೆ ಅದು ಬೇಯುವುದಿಲ್ಲ. ನೀನು ಕಾಡಿನ ಸೌದೆ ಪೂರ್ತಿ ತಂದು ಉರಿಸಿದರೂ ಅಷ್ಟೇ."

"ನೀವು ಬೆಳಿಗ್ಗೆ ನೋಡ್ತಾ ಇದ್ರಿ. ಯಾಕೆ ಹೇಳ್ಲಿಲ್ಲ?" ತನಿಯಪ್ಪನ ಮಾತಿನಲ್ಲಿ ಸಿಟ್ಟಿತ್ತು. ಗುರುಗಳ ಮೇಲೆ ಅವನು ಸಿಟ್ಟು ಮಾಡಿದ್ದು ಅದೇ ಮೊದಲು.

"ಹೇಳಬಹುದಿತ್ತು. ನಿನಗೆ ಬೇಜಾರಾಗ್ತದೆ ಅಂತ ಸುಮ್ಮನಿದ್ದೆ. ನಿನ್ನ ಅಣ್ಣನೂ ಹಾಗೇ ಸುಮ್ಮನಿದ್ದ. ನೋಡು, ಎಲ್ಲರೂ ಎಷ್ಟು ಒಳ್ಳೆಯವರು."

ತನಿಯಪ್ಪ ಸಿಟ್ಟನ್ನು ಮರೆತು ಒಲೆಯ ಮುಂದೆ ಕುಸಿದು ಕೂತ. ತಳ ಹಿಡಿದ ಬಾಣಲೆಯಿಂದ ಹೊಗೆ ಏಳುತ್ತಿತ್ತು.

"ಈಗ ಎಂತ ಮಾಡುದು?"

ಅಜ್ಜಯ್ಯ ಬಾಣಲೆಯನ್ನು ಇಳಿಸಿ ಬದಿಗಿಟ್ಟರು. ಬುಟ್ಟಿಯಿಂದ ನಾಲ್ಕು ಹೊಸ ಗೆಣಸು ತೆಗೆದರು, ಮಣ್ಣು ತೊಳೆದರು, ಹೆಚ್ಚಿದರು. ಒಂದು ಪಾತ್ರೆಯಲ್ಲಿ ನೀರಿಟ್ಟು ಅದಕ್ಕೆ ಹಾಕಿದರು.

"ಬರೀ ನೀರಾ?"

"ಬರೀ ನೀರು. ಒಂದು ಚಿಟಿಕೆ ಉಪ್ಪು."

"ಸಿಹಿ?"

"ಈಗ ಇಲ್ಲ."

ತನಿಯಪ್ಪ ಆ ಪಾತ್ರೆಯನ್ನೇ ನೋಡುತ್ತ ಕೂತ. ಕಿಟಕಿಯಾಚೆ ಹೊನ್ನೆಮರದಡಿ ಅಣ್ಣನ ಬಿಳಿ ತಲೆ ಕಾಣುತ್ತಿತ್ತು. ದೂರದಲ್ಲಿ ಹುಟ್ಟಿನ ಸದ್ದು ಕೇಳಿತು. ದೋಣಿ ಆಚೆ ದಡ ಬಿಟ್ಟಿತ್ತು.

ಅವನು ಎದ್ದ. ಕೈ ಒರೆಸಿಕೊಂಡ. ಬಾಗಿಲ ತನಕ ಹೋಗಿ ತಿರುಗಿ ನಿಂತ.

"ಅವನು ಇನ್ನು ಜನ್ಮದಲ್ಲಿ ನನ್ನ ಮುಖ ನೋಡ್ಲಿಕ್ಕಿಲ್ಲ ಅಜ್ಜಯ್ಯ."

"ಹಾಗೂ ಆಗಬಹುದು" ಎಂದರು ಅಜ್ಜಯ್ಯ, ಒಲೆಗೆ ಒಂದು ಸೌದೆ ಒಟ್ಟುತ್ತ.

ತನಿಯಪ್ಪ ಹೋದ. ಮೆಟ್ಟಿಲಲ್ಲಿ ಅಣ್ಣನಿಗಿಂತ ಒಂದು ಮೆಟ್ಟಿಲು ಕೆಳಗೆ ನಿಂತ.

"ಅಣ್ಣ, ಗೆಣಸು ಬೆಂದಿರಲಿಲ್ಲ."

ದೂಮಪ್ಪ ನಕ್ಕ. "ಗೊತ್ತಾಯ್ತು ಮಾರಾಯ. ಹೋಗ್ಲಿ, ಪ್ರೀತಿಯಲ್ಲಿ ಮಾಡಿದ್ದೀ."

"ಇನ್ನೊಂದು ಉಂಟು. ಮೋನಪ್ಪನ ಹತ್ರ ನಾನು ಏನೂ ಹೇಳಿ ಕಳಿಸ್ಲಿಲ್ಲ. ಯಾರ ಹತ್ರವೂ ಕಳಿಸ್ಲಿಲ್ಲ. ನೀನು ಬರಬಾರದು ಅಂತಲೇ ಇತ್ತು ನನಗೆ. ಮೋನಪ್ಪನದ್ದು ಏನೂ ತಪ್ಪಿಲ್ಲ. ಸುಳ್ಳು ಹೇಳಿದ್ದು ನಾನು."

ದೂಮಪ್ಪನ ಮುಖದ ನಗು ಅಲ್ಲೇ ಇಂಗಿಹೋಯಿತು. ಅವನು ಬಹಳ ಹೊತ್ತು ಹೊಳೆಯನ್ನು ನೋಡಿದ. ದೋಣಿ ಬಂದು ಮೆಟ್ಟಿಲಿಗೆ ತಾಗಿತು.

"ಅಮ್ಮ ನನ್ನನ್ನು ಕೇಳಿದ್ಳಾ?"

ಕೇಳಲಿಲ್ಲ ಎಂದರೆ ಅಣ್ಣನಿಗೆ ನೋವು ಕಡಿಮೆಯಾಗುತ್ತದೆ ಎಂದು ತನಿಯಪ್ಪನಿಗೆ ಅನಿಸಿತು. ನಾಲಿಗೆಯ ತುದಿಯವರೆಗೆ ಅದು ಬಂದೂ ಬಂತು.

"ಕೇಳಿದ್ಳು" ಎಂದ. "ಕೊನೆಯ ದಿನ ಬಾಗಿಲು ಮುಚ್ಚಲಿಕ್ಕೆ ಬಿಡ್ಲಿಲ್ಲ. ನೀನು ಬರ್ತೀ ಅಂತ."

ದೂಮಪ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವನ ಹೆಗಲು ಅಲುಗುತ್ತಿತ್ತು. ತನಿಯಪ್ಪನಿಗೆ ಮುಟ್ಟಲು ಧೈರ್ಯ ಬರಲಿಲ್ಲ.

"ಬರ್ತೀರಾ?" ಎಂದು ದೋಣಿಯವನು ಕೂಗಿದ.

ಅಣ್ಣ ತಮ್ಮ ಇಬ್ಬರೂ ಕದಲಲಿಲ್ಲ. ಅವನು ಸ್ವಲ್ಪ ಕಾದು, ಹುಟ್ಟು ಹಾಕಿ ಹೊರಟುಹೋದ.

ತುಂಬ ಹೊತ್ತಾದ ಮೇಲೆ ದೂಮಪ್ಪ, ತಮ್ಮನ ಕಡೆ ನೋಡದೆ ಕೇಳಿದ.

"ಮುಂದಿನ ದೋಣಿ ಎಷ್ಟು ಹೊತ್ತಿಗೆ?"

"ಐದೂವರೆಗೆ."

ತನಿಯಪ್ಪ ಎರಡು ನಿಮಿಷ ನಿಂತ. ತಡೆಯಲಾರದೆ ಅಡುಗೆಮನೆಗೆ ಓಡಿಬಂದ.

"ಅಜ್ಜಯ್ಯ, ಎಲ್ಲಾ ಹೇಳಿದೆ. ಅಣ್ಣ ಹೋಗ್ಲಿಲ್ಲ. ಆದ್ರೆ ಮಾತೂ ಆಡುವುದಿಲ್ಲ, ನನ್ನ ಕಡೆ ನೋಡುವುದೂ ಇಲ್ಲ. ಅಲ್ಲೇ ಕೂತಿದ್ದಾನೆ." ಅವನು ಏದುಸಿರು ಬಿಡುತ್ತ ಬೆಲ್ಲದ ಡಬ್ಬಿಗೆ ಕೈ ಹಾಕಿದ. "ಗೆಣಸಿಗೆ ಈಗ ಬೆಲ್ಲ ಹಾಕ್ಲಾ? ಬಿಸಿ ಬಿಸಿ ತೆಗೊಂಡು ಹೋಗಿ ಕೊಡ್ತೇನೆ."

ಅಜ್ಜಯ್ಯ ಮುಚ್ಚಳ ತೆಗೆದು, ಒಂದು ಕಡ್ಡಿಯಿಂದ ಗೆಣಸನ್ನು ಚುಚ್ಚಿ ನೋಡಿದರು. ಶಿಷ್ಯನ ಕೈಯಿಂದ ಬೆಲ್ಲದ ಡಬ್ಬಿಯನ್ನು ಮೆಲ್ಲನೆ ತೆಗೆದು ಮೇಲಿನ ಹಲಗೆಯಲ್ಲಿಟ್ಟರು.

"ಇನ್ನೂ ಬೇಯ್ತಾ ಉಂಟು. ನೀನು ಹೋಗಿ ಅಣ್ಣನ ಹತ್ರ ಕೂತ್ಕೊ."