ಮುದ್ದಮಾದ ಕಾಕ್‌ಟೇಲ್ ಕಲಿತದ್ದು

ಕೇಳ್ರಪ್ಪ, ನಗೋರು ನಕ್ಕೊಳ್ಳಿ. ಆದ್ರೆ ನಡುವೆ ಬಾಯಿ ಹಾಕಬೇಡಿ, ಹಾಕಿದ್ರೆ ನಾನು ಎದ್ದು ಹೋಗೋನೇ.

ಬೆಟ್ಟದ ತಪ್ಪಲಲ್ಲಿ ಕೆಂಪಾಜಮ್ಮ ಅಂತ ಒಬ್ಬಳಿದ್ದಳು. ಕಾಡಿಗೆ ಹೋಗಿ ಮಾಗಳಿ ಬೇರು ಅಗೀತಿದ್ದಳು, ನೆಲ್ಲಿಕಾಯಿ ಆರಿಸ್ತಿದ್ದಳು, ಜೇನು ತರ್ತಿದ್ದಳು, ಮಾರಿ ಬದುಕ್ತಿದ್ದಳು. ಅವಳಿಗೊಬ್ಬನೇ ಮಗ, ಮುದ್ದಮಾದ. ಆಳು ನೋಡಿದ್ರೆ ಆರಡಿ, ಬುದ್ಧಿ ನೋಡಿದ್ರೆ ಗೇಣುದ್ದ ಇಲ್ಲ. ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಿದ್ದ, ಅದೇ ಅವನ ರೋಗ. ಹಾಲು ಉಕ್ಕೋದನ್ನ ನೋಡ್ತಿರು ಮಗ ಅಂದ್ರೆ, ಉಕ್ಕಿ ಉಕ್ಕಿ ಒಲೆ ಆರೋ ತನಕ ನೋಡ್ತಾ ಕೂತಿರ್ತಿದ್ದ.

ಅಂಥವನಿಗೂ ಮದುವೆ ಮಾಡಬೇಕಲ್ಲ. ಪಕ್ಕದೂರಿನ ಕಾಳಯ್ಯನ ಮಗಳು ಕೋಮಲನ್ನ ಕೇಳೋಕೆ ಕೆಂಪಾಜಮ್ಮ ಹೋದಳು. ಕಾಳಯ್ಯ ಮೀಸೆ ತಿರುವಿ, "ನಿನ್ನ ಮಗ ಗೌರಿ ಹಬ್ಬದ ತನಕ ಒಂದು ಕಡೆ ಕೆಲಸದಲ್ಲಿ ನಿಂತು ತೋರಿಸಲಿ. ನಿಂತ್ರೆ ವೀಳ್ಯ, ಇಲ್ಲದಿದ್ರೆ ಇಲ್ಲ" ಅಂದ. ಮುದ್ದಮಾದ ಅಲ್ಲೀವರೆಗೆ ಯಾವ ಕೆಲಸದಲ್ಲೂ ಒಂದು ವಾರ ನಿಂತವನಲ್ಲ. ಕೆಂಪಾಜಮ್ಮ ಹಣೆ ಹಣೆ ಬಡಕೊಂಡಳು.

ಕಾಡಿನ ಅಂಚಲ್ಲಿ ಒಂದು ರೆಸಾರ್ಟು. ಅಲ್ಲಿ ಚೆಂಗಪ್ಪ ಅನ್ನೋ ಕೊಡಗಿನವನು ಪೇಟೆ ಜನಕ್ಕೆ ಕಾಕ್‌ಟೇಲ್ ಬೆರೆಸ್ತಿದ್ದ. ಜಿನ್ನಿಗೆ ಮಾಗಳಿ ಬೇರಿನ ರಸ, ರಮ್ಮಿಗೆ ಕಾಡುಜೇನು, ವೋಡ್ಕಾಕ್ಕೆ ನೆಲ್ಲಿಕಾಯಿ. ಕುಡಿದೋರು, ಕಾಡೇ ಬಾಯಿಗೆ ಬಂದಂಗಾಯ್ತು ಅಂತ ಹೊಗಳ್ತಿದ್ರು. ಆ ಬೇರು, ಆ ಜೇನು ಎಲ್ಲ ಕೆಂಪಾಜಮ್ಮನದೇ. ಅವಳು ಹೋಗಿ ಮಗನನ್ನ ಮುಂದೆ ನಿಲ್ಲಿಸಿದಳು.

"ನಿನ್ನ ಬೇರು ಸಾಕು ಕೆಂಪಾಜಮ್ಮ, ಮಗ ಬೇಡ" ಅಂದ ಚೆಂಗಪ್ಪ.

"ಬೇರು ಬೇಕಂದ್ರೆ ಮಗನೂ ಬೇಕು" ಅಂದಳು ಅವಳು.

ಬೇರಿಲ್ಲದೆ ಜಿನ್ನು ಏನು ಮಾಡೋದು? ಇಟ್ಕೊಂಡ.

ಮೊದಲನೇ ದಿನ ಚೆಂಗಪ್ಪ, "ಗ್ಲಾಸಿಗೆ ದೊಡ್ಡಪತ್ರೆ ಹಾಕು" ಅಂದ. ಮುದ್ದಮಾದ ಗಿಡದಿಂದ ಕಿತ್ತದ್ದನ್ನ ಹಂಗೇ ತಂದು ಹಾಕಿದ. ಕುಡಿದ ಗಿರಾಕಿ, ಎಲೆ ಇದೆ ಘಮ ಇಲ್ಲ ಅಂತ ವಾಪಸ್ ಕಳಿಸಿದ.

"ಸುಮ್ನೆ ಹಾಕೋದಾ ಮಾರಾಯ? ಗ್ಲಾಸಿಗೆ ಹಾಕೋ ಮುಂಚೆ ಎರಡು ಅಂಗೈ ನಡುವೆ ಇಟ್ಟು ಚಟ್ ಅಂತ ತಟ್ಟಬೇಕು. ಆಗ ಘಮ ಏಳ್ತದೆ."

"ಆಗ್ಲಿ ಅಣ್ಣ, ಇನ್ಮೇಲೆ ತಟ್ತೀನಿ."

ಮನೆಗೆ ಬಂದು ಅವ್ವನಿಗೂ ಹೇಳಿದ. ಅವಳೂ, "ಹಂಗೇ ಮಾಡು ಕಂದ, ಮರೀಬೇಡ" ಅಂದಳು. ಅವನು ಮರೆಯೋನಾ!

ಮಾರನೇ ದಿನ ಕೆಂಪಾಜಮ್ಮನೇ ಒಂದು ತಟ್ಟೆ ತುಂಬ ಜೇನು ಹುಟ್ಟು ಕೊಟ್ಟು ಕಳಿಸಿದಳು. "ಇದನ್ನ ಗ್ಲಾಸಿಗೆ ಹಾಕು" ಅಂದ ಚೆಂಗಪ್ಪ. ಮುದ್ದಮಾದ ಹುಟ್ಟನ್ನ ಎರಡು ಅಂಗೈ ನಡುವೆ ಇಟ್ಟು ಚಟ್ ಅಂತ ತಟ್ಟಿದ. ಜೇನು ಚೆಂಗಪ್ಪನ ಮೀಸೆಗೆ, ಜೇನು ಗೋಡೆಗೆ, ಜೇನು ಎದುರಿಗೆ ಕೂತಿದ್ದ ಒಬ್ಬ ಸಾಹೇಬರ ಬಿಳಿ ಅಂಗಿಗೆ. ಸಂಜೆ ತನಕ ಇರುವೆಗಳು ಆ ಸಾಹೇಬರ ಹಿಂದೆ ಹಿಂದೆ ಹೋದ್ವು.

"ಹಾಳಾದವನೆ, ಜೇನನ್ನ ತಟ್ತಾರಾ? ಬಟ್ಟೇಲಿ ಕಟ್ಟಿ, ನೇತುಹಾಕಿ, ಕೆಳಗೆ ಪಾತ್ರೆ ಇಟ್ಟು ತೊಟ್ಟು ತೊಟ್ಟಾಗಿ ಇಳಿಯೋಕೆ ಬಿಡಬೇಕು. ಅವಸರ ಮಾಡಬಾರದು, ಕಾಯಬೇಕು."

"ಆಗ್ಲಿ ಅಣ್ಣ, ಇನ್ಮೇಲೆ ಕಾಯ್ತೀನಿ."

ಮಾರನೇ ದಿನ ಪೇಟೆಯಿಂದ ಐಸು ಬಂತು. ಮುದ್ದಮಾದ ಐಸನ್ನೆಲ್ಲ ಬಟ್ಟೇಲಿ ಕಟ್ಟಿದ, ತೊಲೆಗೆ ನೇತುಹಾಕಿದ, ಕೆಳಗೆ ಪಾತ್ರೆ ಇಟ್ಟ. ಕೂತ. ಕಾದ. ಮಧ್ಯಾಹ್ನ ಚೆಂಗಪ್ಪ ಬಂದು ನೋಡಿದ್ರೆ ಬಟ್ಟೆ ಖಾಲಿ, ಪಾತ್ರೆ ತುಂಬ ನೀರು.

"ಅಣ್ಣ, ಪೂರ್ತಿ ಇಳೀತು. ಒಂದು ತೊಟ್ಟೂ ಚೆಲ್ಲಿಲ್ಲ" ಅಂದ ಮುದ್ದಮಾದ.

ಚೆಂಗಪ್ಪ ತಲೆ ಹಿಡ್ಕೊಂಡು ನೆಲದ ಮೇಲೆ ಕೂತ. ಆಮೇಲೆ ಹೇಳಿದ. "ಇಂಥದ್ದು ಕೈಗೆ ಬಂದ್ರೆ ಡಬ್ಬಕ್ಕೆ ಹಾಕು. ಮುಚ್ಚಳ ಬಿಗಿ ಮಾಡು. ಹೆಗಲ ಮಟ್ಟಕ್ಕೆ ಎತ್ತಿ ಜೋರಾಗಿ ಕುಲುಕು. ಕೈ ಮರಗಟ್ಟೋ ತನಕ ಬಿಡಬೇಡ."

"ಆಗ್ಲಿ ಅಣ್ಣ, ಇನ್ಮೇಲೆ ಕುಲುಕ್ತೀನಿ."

ಮುಂದಿನದ್ದು ನೀವೇ ಊಹೆ ಮಾಡ್ತೀರಿ. ಮಾರನೇ ದಿನ ಕೈಗೆ ಬಂದದ್ದು ಸೋಡಾ. ಮುದ್ದಮಾದ ಡಬ್ಬಕ್ಕೆ ಸುರಿದ, ಮುಚ್ಚಳ ಬಿಗಿದ, ಹೆಗಲ ಮಟ್ಟಕ್ಕೆ ಎತ್ತಿದ, ಕುಲುಕಿದ. ಮುಚ್ಚಳ ಹಾರಿ ಹೆಂಚು ಒಡೀತು. ಚೆಂಗಪ್ಪ ಅಡಿಯಿಂದ ಮುಡಿವರೆಗೆ ತೊಯ್ದು ಹೋದ.

"ಕುಲುಕಬೇಡವೋ! ಮೆಲ್ಲಗೆ ಹಿಡಿ, ಮೆಲ್ಲಗೆ ಓರೆ ಮಾಡು, ಅಂಚಿನ ಮೇಲೆ ಜಾರಿಸಿ ಮೆಲ್ಲಗೆ ಕೆಳಗಿಳಿಸು."

ಕೆಂಪಾಜಮ್ಮ ಅಷ್ಟೊತ್ತಿಗೆ ಓಡಿ ಬಂದಳು. ಸೆರಗು ಒಡ್ಡಿ, "ಗೌರಿ ಹಬ್ಬ ಬಂದೇ ಬಿಡ್ತು ಚೆಂಗಪ್ಪಣ್ಣ. ಇವನ್ನ ಈಗ ಓಡಿಸಿದ್ರೆ ಇನ್ಯಾರೂ ಹೆಣ್ಣು ಕೊಡಲ್ಲ. ನಾನು ಸತ್ತ ಮೇಲೆ ಇವನಿಗೆ ಉಣ್ಣು ಅಂತ ಹೇಳೋರು ಯಾರು? ಯಾರೂ ಹೇಳದಿದ್ರೆ ಇವನು ಉಣ್ಣೋದೂ ಇಲ್ಲ" ಅಂತ ಅತ್ತಳು. ಅದು ನಿಜ ಕಣ್ರಪ್ಪ, ಅವನು ಉಣ್ತಿರಲಿಲ್ಲ. ಚೆಂಗಪ್ಪ ಮುಖ ಒರೆಸ್ಕೊಂಡು, ಇರ್ಲಿ ಬಿಡು ಅಂದ.

ಅವತ್ತೇ ಸಂಜೆ ಒಬ್ಬ ಗಿರಾಕಿ ನೆಲ್ಲಿಕಾಯಿ ವೋಡ್ಕಾ ಜಾಸ್ತಿ ಏರಿಸಿ ಜಗಲಿ ಮೇಲೆ ತೂರಾಡ್ತಿದ್ದ. "ಮಾದ, ಸಾಹೇಬ್ರನ್ನ ನೋಡ್ಕೋ" ಅಂತ ಚೆಂಗಪ್ಪ ಒಳಗಿಂದ ಕೂಗಿದ. ಮುದ್ದಮಾದ ಸಾಹೇಬರನ್ನ ಮೆಲ್ಲಗೆ ಹಿಡಿದ, ಮೆಲ್ಲಗೆ ಓರೆ ಮಾಡಿದ, ಜಗಲಿ ಅಂಚಿನ ಮೇಲೆ ಜಾರಿಸಿ ಮೆಲ್ಲಗೆ ಕೆಳಗಿಳಿಸಿದ. ಕೆಳಗೆ ನಿಂಬೆ ಹುಲ್ಲಿನ ಪಾತಿ. ಸಾಹೇಬರು ಅಲ್ಲೇ ಘಮಘಮ ಅಂತ ಮಲಗಿಬಿಟ್ರು.

ಚೆಂಗಪ್ಪ ಓಡಿ ಬಂದ. "ನೋಡು ಮಾದ, ಇದೊಂದನ್ನ ಸರಿಯಾಗಿ ಕೇಳ್ಕೋ. ತೂರಾಡೋರು ಯಾರೇ ಆಗ್ಲಿ, ಕೈಯಲ್ಲಿರೋದನ್ನ ಮೊದಲು ಇಸ್ಕೋ. ನಿಮಗೆ ಸಾಕು ಅಂತ ಮರ್ಯಾದೆಯಾಗಿ ಹೇಳು. ಎತ್ಕೊಂಡು ಹೋಗಿ ಕೋಣೇಲಿ ಮಲಗಿಸು. ಹೊರಗಿಂದ ಚಿಲಕ ಹಾಕು. ಇಲ್ಲಿ ಆನೆ ಓಡಾಡ್ತವೆ, ಯಾರು ಏನೇ ಬೈದ್ರೂ ಬೆಳಗಾಗೋ ತನಕ ತೆಗೀಬೇಡ."

"ಆಗ್ಲಿ ಅಣ್ಣ, ಇನ್ಮೇಲೆ ತೆಗಿಯಲ್ಲ."

ಹೆಂಗೋ ಗೌರಿ ಹಬ್ಬ ಬಂತು, ಕೆಲಸ ಉಳೀತು. ಕೆಂಪಾಜಮ್ಮ ಮಗನಿಗೆ ಹೊಸ ಪಂಚೆ ಉಡಿಸಿ, ಊರ ಹಿರಿಯರನ್ನ ಕರ್ಕೊಂಡು ಕಾಳಯ್ಯನ ಮನೆಗೆ ಹೋದಳು. "ಮಗ, ಇವತ್ತು ಬಾಯಿ ಬಿಡಬೇಡ. ಚೆಂಗಪ್ಪಣ್ಣ ಹೇಳಿಕೊಟ್ಟ ಹಾಗೆ ಮರ್ಯಾದೆಯಾಗಿ ನಡ್ಕೋ" ಅಂತ ದಾರಿ ತುಂಬ ಹೇಳಿದಳು.

ಆ ಕಡೆ ಪದ್ಧತಿ ಏನಪ್ಪ ಅಂದ್ರೆ, ಹೆಣ್ಣಿನ ಅಪ್ಪನ ಕೈಯಿಂದ ವೀಳ್ಯದ ತಟ್ಟೆ ಗಂಡಿನ ಕೈಗೆ ಹೋದ್ರೆ ಮಾತು ಮುಗೀತು. ಆಮೇಲೆ ಯಾರೂ ಹಿಂದೆಗೆಯೋ ಹಾಗಿಲ್ಲ. ಕಾಳಯ್ಯ ತಟ್ಟೆ ಹಿಡ್ಕೊಂಡು ಎದ್ದು ನಿಂತ. ಅವನು ಬೆಳಗಿನಿಂದಲೇ ಒಳಗೆ ಹೋಗೋದು, ಬಾಯಿ ಒರೆಸ್ಕೊಂಡು ಬರೋದು ಮಾಡ್ತಿದ್ದ. ಮನೆಯೋರಿಗೆ ಗೊತ್ತು, ಊರಿಗೂ ಗೊತ್ತು, ಕೇಳೋ ಧೈರ್ಯ ಯಾರಿಗೂ ಇಲ್ಲ.

"ಜೇನು ತಟ್ಟಿದವನಂತೆ. ಐಸು ಕರಗಿಸಿದವನಂತೆ. ಸಾಹೇಬರನ್ನ ಹುಲ್ಲಿಗೆ ಸುರಿದವನಂತೆ" ಅಂದ ಕಾಳಯ್ಯ. ಎಡಕ್ಕೆ ತೂಗಿದ, ಬಲಕ್ಕೆ ತೂಗಿದ. "ಇಂಥ ಪೆದ್ದನಿಗೆ ನನ್ನ ಮಗಳನ್ನ…"

ಮುದ್ದಮಾದ ಎದ್ದ. ಕಾಳಯ್ಯನ ಕೈಯಲ್ಲಿದ್ದ ತಟ್ಟೆ ಇಸ್ಕೊಂಡ. "ಯಜಮಾನ್ರೇ, ನಿಮಗೆ ಸಾಕು" ಅಂದ. ತಟ್ಟೆಯನ್ನ ಅವ್ವನ ಕೈಗೆ ಕೊಟ್ಟು, ಕಾಳಯ್ಯನನ್ನ ಮಗು ಥರ ಎತ್ಕೊಂಡು ಹೋಗಿ ಕೋಣೇಲಿ ಮಲಗಿಸಿ, ಚಿಲಕ ಹಾಕಿದ.

ಹಿರಿಯರು ಹಿರಿಯರ ಮುಖ ನೋಡ್ಕೊಂಡ್ರು. ಕಾಳಯ್ಯನ ಹೆಂಡತಿ ಹೊನ್ನಾಜಮ್ಮ ಸೆರಗು ಸಿಕ್ಕಿಸ್ಕೊಂಡು ಮುಂದೆ ಬಂದಳು.

"ತಟ್ಟೆ ಗಂಡಿನ ಕೈಗೆ ಹೋಯ್ತು, ಎಲ್ಲರೂ ನೋಡಿದ್ದೀರಿ. ಮಾತು ಮುಗೀತು. ನಾನು ಈ ಮನೆಗೆ ಬಂದಾಗಿನಿಂದ ಅವರಿಗೆ ಸಾಕು ಅಂತ ಹೇಳಿದ ಗಂಡಸು ಇವನೊಬ್ಬನೇ. ಕೋಮಲ, ನೀನೇನಂತೀಯೆ?"

ಕೋಮಲ ಬಾಗಿಲ ಹಿಂದಿನಿಂದ, "ಹೇಳಿದ್ದನ್ನ ಹೇಳಿದ ಹಾಗೆ ಮಾಡೋ ಗಂಡ ಎಷ್ಟು ಜನಕ್ಕೆ ಸಿಗ್ತಾನವ್ವ? ನನಗೆ ಒಪ್ಪಿಗೆ" ಅಂದಳು.

ಕೆಂಪಾಜಮ್ಮನಿಗೆ ಸಂತೋಷ ತಡೆಯೋಕಾಗಲಿಲ್ಲ. ಬೆಳಗಿನಿಂದ ಉಪವಾಸ ಬೇರೆ. ಕಣ್ಣಲ್ಲಿ ನೀರು ತುಂಬ್ತು, ಕಣ್ಣಿಗೆ ಕತ್ತಲೆ ಬಂತು, ಕೈಯಲ್ಲಿ ತಟ್ಟೆ ಹಿಡ್ಕೊಂಡೇ ಎಡಕ್ಕೆ ತೂಗಿದಳು, ಬಲಕ್ಕೆ ತೂಗಿದಳು.

ಮುದ್ದಮಾದ ನೋಡಿದ. ತಟ್ಟೆ ಇಸ್ಕೊಂಡ. "ಅವ್ವ, ನಿನಗೆ ಸಾಕು" ಅಂದ. ಅವಳನ್ನೂ ಎತ್ಕೊಂಡು ಹೋಗಿ ಅದೇ ಕೋಣೆ ಬಾಗಿಲ ಒಳಗೆ ಬಿಟ್ಟು, ಚಿಲಕ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ಕೂತ.

"ತೆಗಿಯೋ, ನಾನು ನಿನ್ನ ಹೆತ್ತವಳು ಕಣೋ" ಅಂತ ಒಳಗಿಂದ ಅವ್ವ. "ತೆಗಿಯೋ ಅಳಿಯ" ಅಂತ ಒಳಗಿಂದ ಮಾವ. ಊರ ಹಿರಿಯರು ಬೈದ್ರು, ಬೇಡಿಕೊಂಡ್ರು, ರಟ್ಟೆ ಹಿಡಿದು ಎಳೆದ್ರು. ಅವನು ಜಗ್ಗಲಿಲ್ಲ.

"ಬೆಳಗಾಗಲಿ. ಆನೆ ಬರ್ತವೆ" ಅಂದ.

ಕೊನೆಗೆ ಹೊನ್ನಾಜಮ್ಮ ಎಲ್ಲರಿಗೂ ಎಲೆ ಹಾಕಿಸಿದಳು. ಮಗನ ವೀಳ್ಯದ ಊಟದ ಹೋಳಿಗೆಯನ್ನ ಕೆಂಪಾಜಮ್ಮ ಕಿಟಕಿ ಸರಳಿನ ಸಂದಿಯಿಂದ ಇಸ್ಕೊಂಡು, ಬೀಗರ ಜೊತೆ ಅರ್ಧರ್ಧ ಮಾಡ್ಕೊಂಡು ತಿಂದಳು.