ಒಂದು ಜೊತೆ ಬೂಟು, ಏಳು ಹುಣಸೆಬೀಜ

"ಅಮ್ಮಾ, ನನ್ನ ಯೋಗ್ಯತೆ ಯಾರ ಕಣ್ಣಿಗೂ ಬೀಳುವುದಿಲ್ಲವೇ?" ಎಂದು ಮಂದಾಕಿನಿ ಗುರುಗಳನ್ನು ಕೇಳಿದಳು.

ಸಂಗೀತ ಪಾಠಶಾಲೆಯಲ್ಲಿ ಅಂದು ವರ್ಷದ ಉತ್ತಮ ಶಿಷ್ಯೆಯ ಆಯ್ಕೆ ನಡೆದಿತ್ತು. ಶಿಷ್ಯೆಯರು ಚೀಟಿಯಲ್ಲಿ ಒಂದೊಂದು ಹೆಸರು ಬರೆದಿದ್ದರು. ಹನ್ನೆರಡು ಚೀಟಿಗಳ ಪೈಕಿ ಒಂದರಲ್ಲಿ ಮಾತ್ರ ಮಂದಾಕಿನಿಯ ಹೆಸರಿತ್ತು.

ಗುರು ಭಾಗೀರಥಮ್ಮನವರಿಗೆ ಸಿಟ್ಟು ಮೂಗಿನ ತುದಿಯಲ್ಲೇ. "ಅಳುವುದಾದರೆ ಶ್ರುತಿ ಹಿಡಿದು ಅಳು. ಇಲ್ಲವೇ ಕೂತು ಒಂದು ಕತೆ ಕೇಳು," ಎಂದರು.

"ಒಂದು ಊರಿನಲ್ಲಿ ಹೆಣ್ಣುಮಕ್ಕಳ ಫುಟ್‌ಬಾಲ್ ಕ್ಲಬ್ ಇತ್ತು. ಹುಬ್ಬೇರಿಸಬೇಡ, ನನಗೂ ಚೆಂಡಾಟ ಗೊತ್ತು. ವರ್ಷಕ್ಕೊಮ್ಮೆ ಅವರು ತಮ್ಮೊಳಗೇ ಉತ್ತಮ ಆಟಗಾರ್ತಿಯನ್ನು ಆರಿಸುತ್ತಿದ್ದರು. ಅವರದು ಚೀಟಿಯ ಪದ್ಧತಿಯಲ್ಲ. ಎಲ್ಲರೂ ಬೂಟು ಬಿಚ್ಚಿ ಮೈದಾನದ ಅಂಚಿನಲ್ಲಿ ಸಾಲಾಗಿ ಇಡುತ್ತಿದ್ದರು. ಒಬ್ಬೊಬ್ಬಳೂ ಒಂದು ಹುಣಸೆಬೀಜ ತಂದು ತಾನು ಮೆಚ್ಚಿದವಳ ಬೂಟಿನೊಳಗೆ ಹಾಕಬೇಕು. ಹೆಚ್ಚು ಬೀಜ ಬಿದ್ದವಳಿಗೆ ಅವಳ ಕಾಲಿನ ಅಳತೆಯ ಹೊಸ ಬೂಟು ತರಿಸಿಕೊಡುತ್ತಿದ್ದರು. ತನ್ನ ಬೂಟಿಗೆ ತಾನೇ ಹಾಕಿಕೊಂಡ ಬೀಜ ಲೆಕ್ಕಕ್ಕಿಲ್ಲ.

"ಆ ಕ್ಲಬ್ಬಿನಲ್ಲಿ ಒಬ್ಬ ಬಳೆಗಾರನ ಮಗಳು, ಒಬ್ಬ ಟೈಲರನ ಮಗಳು ಇದ್ದರು. ಇಬ್ಬರೂ ಸೇರಿ ಕೊಂಡದ್ದು ಒಂದೇ ಜೊತೆ ಬೂಟು. ಬಳೆಗಾರನ ಮಗಳು ಮೊದಲರ್ಧ ಆಡಿ ಬಂದು ಬಿಚ್ಚಿಕೊಡುವಳು. ಟೈಲರನ ಮಗಳ ಪಾದ ಚಿಕ್ಕದು. ಅವಳು ಬೂಟಿನ ಮುಂದಕ್ಕೆ ಬಟ್ಟೆಚೂರು ತುರುಕಿಕೊಂಡು ಉಳಿದರ್ಧ ಆಡುವಳು. ಇಬ್ಬರ ಆಟವೂ ಚೆಂದ. ಆದರೆ ಒಬ್ಬಳೂ ಪೂರ್ತಿ ಪಂದ್ಯ ಆಡಿದವಳಲ್ಲ. ಇಬ್ಬರೂ ಒಟ್ಟಿಗೆ ಮೈದಾನಕ್ಕೆ ಇಳಿದದ್ದಂತೂ ಇಲ್ಲವೇ ಇಲ್ಲ. ಇನ್ನೊಂದು ಜೊತೆ ಬೂಟು ಸಿಕ್ಕಿದರೆ ಇಳಿಯಬಹುದಿತ್ತು. ಪಾಪ, ಅದೊಂದೇ ಅವರ ಆಸೆ.

"ಆ ವರ್ಷ ಎಣಿಸಿದಾಗ ನಾಯಕಿಯ ಬೂಟಿನಲ್ಲಿ ಆರು ಬೀಜ, ಇವರ ಬೂಟಿನಲ್ಲಿ ಏಳು. ನಾಯಕಿ ಎದ್ದು ನಿಂತಳು. 'ಮೇಡಂ, ಇವರಿಬ್ಬರೂ ತಮ್ಮ ಬೂಟಿಗೇ ಹಾಕಿಕೊಂಡರು. ನಾನು ಕಣ್ಣಾರೆ ಕಂಡೆ,' ಎಂದಳು. ಅವಳು ಹೇಳಿದ್ದು ಸುಳ್ಳಲ್ಲ. ಎರಡು ಬೀಜ ತೆಗೆದರೆ ಉಳಿಯುವುದು ಐದೇ. ಹೊಸ ಬೂಟು ನಾಯಕಿಯ ಪಾಲಾಗುತ್ತದೆ.

"'ನಾನು ಹಾಕಿದ್ದು ಅವಳಿಗೆ,' ಎಂದಳು ಬಳೆಗಾರನ ಮಗಳು. ಟೈಲರನ ಮಗಳೂ ಅದನ್ನೇ ಹೇಳಿದಳು. 'ಹೌದೌದು, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತಂತೆ,' ಎಂದು ಉಳಿದವರು ನಕ್ಕರು. ಇಬ್ಬರಿಗೂ ಅಳು ಬಂತು.

"ಆಗ ಕೋಚ್ ಮೇಡಂ ಒಬ್ಬೊಬ್ಬಳನ್ನೇ ದೂರದ ಗೋಲುಕಂಬದ ಹತ್ತಿರ ಕರೆದರು. ಇಬ್ಬರಿಗೂ ಒಂದೇ ಪ್ರಶ್ನೆ ಕೇಳಿದರು. 'ಈ ಬೂಟು ಯಾರದು?'

"ಬಳೆಗಾರನ ಮಗಳು, 'ಅವಳದೇ ಮೇಡಂ. ಅರ್ಧ ಆಟಕ್ಕೆ ನನಗೆ ಕೊಡುತ್ತಾಳೆ,' ಎಂದಳು.

"ಆಮೇಲೆ ಬಂದ ಟೈಲರನ ಮಗಳು, 'ಅಯ್ಯೋ, ನನ್ನ ಕಾಲಿಗೆ ಅದು ಎಲ್ಲಿ ಸರಿಹೋಗುತ್ತದೆ ಮೇಡಂ? ಅದು ಅವಳದೇ,' ಎಂದಳು.

"ಮೇಡಂ ಬಂದು ಎಲ್ಲರ ಮುಂದೆ ಹೇಳಿದರು. 'ಈ ಬೂಟನ್ನು ನನ್ನದು ಎನ್ನುವವರೇ ಇಲ್ಲ. ಹಾಗಿದ್ದಮೇಲೆ ತನ್ನ ಬೂಟಿಗೆ ತಾನೇ ಹಾಕಿಕೊಂಡವರು ಯಾರು? ಏಳು ಬೀಜವೂ ಲೆಕ್ಕಕ್ಕಿದೆ.'

"ನಾಯಕಿ ಸ್ವಲ್ಪ ಹೊತ್ತು ಮುಖ ಊದಿಸಿಕೊಂಡಿದ್ದಳು. ಆಮೇಲೆ ತಾನೇ ಒಂದು ದಾರ ತಂದು ಟೈಲರನ ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತಳು. 'ಕಾಲು ನೀಡೇ, ಅಳತೆ ತೆಗೆಯುತ್ತೇನೆ. ಎಷ್ಟು ದಿನ ಬಟ್ಟೆ ತುರುಕುತ್ತೀ?' ಎಂದಳು.

"ಮುಂದಿನ ಪಂದ್ಯಕ್ಕೆ ಇಬ್ಬರೂ ಒಟ್ಟಿಗೆ ಇಳಿದರು. ಅಂದು ಮೊದಲ ಬಾರಿಗೆ ಒಬ್ಬಳ ಕಾಲಿನಿಂದ ಇನ್ನೊಬ್ಬಳ ಕಾಲಿಗೆ ಚೆಂಡು ಹೋಯಿತು."

ಮಂದಾಕಿನಿ ಕಣ್ಣೊರೆಸಿಕೊಂಡಳು. "ಕೊನೆಗೆ ಉತ್ತಮ ಆಟಗಾರ್ತಿ ಎಂದು ಯಾರ ಹೆಸರು ಬರೆದರು ಅಮ್ಮಾ?" ಎಂದು ಕೇಳಿದಳು.

"ನಿನ್ನ ಹೆಸರಿದ್ದ ಆ ಒಂದು ಚೀಟಿಯ ಅಕ್ಷರ ಯಾರದೆಂದು ನನಗೆ ಗೊತ್ತು ಮಗಳೇ, ಬರುವ ವರ್ಷ ಅದೇ ಕೈಯಿಂದ ಇನ್ನೊಬ್ಬಳ ಹೆಸರು ಬರೆದು ನೋಡು," ಎಂದರು ಭಾಗೀರಥಮ್ಮ.

ಮಂದಾಕಿನಿ ಮೆಲ್ಲಗೆ ತನ್ನ ಬಲಗೈಯನ್ನು ಬೆನ್ನ ಹಿಂದೆ ಸರಿಸಿದಳು.