ಜೊಂಡಿಗೆ ಕಟ್ಟಿದ ಹುಲ್ಲು

ಕಾಡಿನ ಅಂಚಿಗೆ ಒಂದು ಕೆರೆ. ಕೆರೆಯ ಮೇಲಕ್ಕೆ ಬಾಗಿದ ಒಂದು ಜಾಲಿಮರ. ಮರದ ತುಂಬ ಗೀಜಗಗಳ ಗೂಡು, ಸೋರೆಬುರುಡೆಗಳನ್ನು ತೂಗುಹಾಕಿದ ಹಾಗೆ. ಮರದಿಂದ ಸ್ವಲ್ಪ ಆಚೆ, ನೀರಿನ ಅಂಚಿಗೆ ಒತ್ತಾಗಿ ಬೆಳೆದ ಜೊಂಡು. ಮಕ್ಕಳೇ, ಈ ಜೊಂಡನ್ನು ನೆನಪಿಟ್ಟುಕೊಳ್ಳಿ. ರಂಪ ಎಲ್ಲ ನಡೆದದ್ದು ಅಲ್ಲೇ.

ಆ ಮರದಲ್ಲಿ ಒಂದು ಒಳ್ಳೆ ರೂಢಿ ಇತ್ತು. ಗಾಳಿಗೆ ಯಾರದಾದರೂ ಗೂಡು ಕಿತ್ತುಹೋದರೆ, ಉಳಿದವರೆಲ್ಲ ಒಂದೊಂದು ಎಳೆ ಹುಲ್ಲು ತಂದು ಅವರ ಕೊಕ್ಕಿಗೆ ಕೊಡುತ್ತಿದ್ದರು. ಮಾತಿಲ್ಲ, ಕತೆಯಿಲ್ಲ. ಕೊಟ್ಟು ತಮ್ಮ ಪಾಡಿಗೆ ತಾವು ಹೋಗುತ್ತಿದ್ದರು. ಹೊಸ ಗೂಡು ತಾನಾಗಿ ಏಳುತ್ತಿತ್ತು.

ಆ ರೂಢಿಗೆ ಬೆಂಕಿ ಇಟ್ಟವಳು ಚೌಡಕ್ಕ.

ಚೌಡಕ್ಕ ಅಂದರೆ ಗೊರವಂಕ. ಎದುರಿನ ಮತ್ತಿಮರದ ಪೊಟರೆಯಲ್ಲಿ ವಾಸ. ಆ ಪೊಟರೆ ಅವಳದ್ದೇನಲ್ಲ, ಒಂದು ಗಿಳಿ ಜೋಡಿಯದ್ದು. ಅವು ಮೇವಿಗೆ ಹೋದಾಗ ಒಳಗೆ ನುಗ್ಗಿದಳು, ಬಾಗಿಲಲ್ಲೇ ಕೂತಳು, ವಾಪಸು ಬಂದವರ ಕಣ್ಣಿಗೇ ಕುಕ್ಕಿ ಓಡಿಸಿದಳು ಮಹಾತಾಯಿ. ಅವಳ ಗಂಟಲಿಗೆ ಹೆದರಿ ಇದನ್ನು ಯಾರೂ ಬಾಯಿಬಿಡುತ್ತಿರಲಿಲ್ಲ. ನನಗೇನು ಹೆದರಿಕೆ? ಹೇಳುತ್ತೇನೆ.

ಬಡಗಣದಿಂದ ಹಾರಿಬರುವ ಹಕ್ಕಿಗಳನ್ನೆಲ್ಲ ತಡೆದು ನಿಲ್ಲಿಸಿ ಸುದ್ದಿ ಕೀಳುವುದು ಅವಳ ಕಸುಬು. ಒಂದು ಬೆಳಿಗ್ಗೆ ಜೊಂಡಿನ ತುದಿಯಲ್ಲಿ ಕೂತು ಎದೆ ಬಡಿದುಕೊಂಡಳು.

"ಕೇಳಿದ್ರಾ ಅನ್ಯಾಯ? ಹಿಮದ ಬೆಟ್ಟದಾಚೆ ಒಂದು ಕೆರೆಯಂತೆ. ಗಿಡುಗಗಳು ಎರಗಿ ಬಾತುಗಳ ಗೂಡೆಲ್ಲ ಧ್ವಂಸ ಮಾಡಿದ್ವಂತೆ. ಮರಿಗಳನ್ನೂ ಬಿಡಲಿಲ್ಲವಂತೆ!"

ಗೀಜಗಗಳಿಗೆ ಕರುಳು ಚುರ್ ಅಂದಿತು. ಅನ್ನಬೇಕಾದದ್ದೇ. ಅದರಲ್ಲಿ ತಪ್ಪಿಲ್ಲ.

"ಅಯ್ಯೋ, ಅವರಿಗೆ ಒಂದೊಂದು ಎಳೆ ಕೊಡೋಣ ಅಂದ್ರೆ ಅಷ್ಟು ದೂರ ಹಾರೋದು ಹೇಗೆ?" ಅಂತ ಒಬ್ಬರು ಅಂದರು.

"ಹಾರೋದು ಯಾಕೆ? ಈ ಜೊಂಡಿಗೇ ಕಟ್ಟಿ" ಅಂದಳು ಚೌಡಕ್ಕ. "ನಮ್ಮ ದುಃಖ ಎಲ್ಲರಿಗೂ ಕಾಣ್ಲಿ. ಆದರೆ ಹೊಲದಿಂದ ತಂದ ಹುಲ್ಲು ಬೇಡ, ಅದೇನು ದುಃಖ? ಸ್ವಂತ ಗೂಡಿಂದ ಕಿತ್ತು ಕಟ್ಟಬೇಕು. ಕಟ್ಟದವರು ಗಿಡುಗನ ಕಡೆಯವರು ಅಂತ ತಿಳ್ಕೊತೀವಿ."

ಅವಳಿಗೆ ಹುಲ್ಲಿನ ಗೂಡೇ ಇಲ್ಲವಲ್ಲ, ಅವಳೇನು ಕಟ್ಟಿದಳು ಗೊತ್ತೇ? ಒಂದು ಹಸಿರು ಗರಿ. ಆ ಗಿಳಿಯದ್ದು! ಹೊಡೆದಾಟದಲ್ಲಿ ಪೊಟರೆಯೊಳಗೆ ಉದುರಿದ್ದು. ನಾಚಿಕೆ ಮಾರಿಕೊಂಡವಳು.

ಜೊಂಡು ತುಂಬಿತು. ಗಿಡುಗನ ಕಡೆಯವರು ಅನ್ನಿಸಿಕೊಳ್ಳಲು ಯಾರಿಗೆ ಇಷ್ಟ? ಮುಂದೆ ಇನ್ನೊಂದು ಸುದ್ದಿ ಬಂತು, ಯಾವುದೋ ದ್ವೀಪಕ್ಕೆ ಬೆಂಕಿ ಬಿತ್ತು ಅಂತ. ಮತ್ತೆ ಒಂದೊಂದು ಎಳೆ. ಆಮೇಲೆ ಯಾವುದೋ ಮರಳುಗಾಡಿನ ಕೊಕ್ಕರೆಗಳ ಜಗಳ. ಅದರಲ್ಲಿ ಯಾವ ಕೊಕ್ಕರೆ ಸರಿ ಅಂತ ಇಲ್ಲಿ ಎರಡು ಗುಂಪು. ಕೊಕ್ಕರೆಗಳು ರಾಜಿಯಾಗಿ ಒಟ್ಟಿಗೆ ಮೀನು ತಿಂದವಂತೆ, ಇಲ್ಲಿ ಮಾತ್ರ ಅಕ್ಕಪಕ್ಕದ ಕೊಂಬೆಯವರು ಮಾತು ಬಿಟ್ಟರು.

ಈ ಗದ್ದಲದಲ್ಲಿ ಎಲ್ಲರಿಗಿಂತ ಮುಂದೆ ಇದ್ದವನು ಹೊನ್ನಪ್ಪ. ನೆತ್ತಿ ತುಂಬ ಹಳದಿ ಬಣ್ಣ, ನೇಯ್ಗೆಯಲ್ಲಿ ಅವನನ್ನು ಮೀರಿಸುವ ಗೀಜಗ ಇರಲಿಲ್ಲ. ಅವನ ಹೆಂಡತಿ ನಂಜಿ. ಗೂಡಿನಲ್ಲಿ ಮೂರು ಮರಿ, ಇನ್ನೂ ಪುಕ್ಕ ಸರಿಯಾಗಿ ಮೂಡದವು. ಹಿಂಗಾರಿನ ಗಾಳಿ ಏಳುವ ಹೊತ್ತು ಬೇರೆ.

"ರೀ" ಅಂದಳು ನಂಜಿ, "ಗೂಡಿನ ತಳದಲ್ಲಿ ನೀರು ಕಾಣ್ತಿದೆ."

"ಯಾವ ನೀರು?"

"ಕೆರೆ ನೀರು ರೀ! ಮಕ್ಕಳ ಕಾಲ ಕೆಳಗೆ ತೂತು ಬಿದ್ದಿದೆ. ನೀವು ಕಿತ್ತು ಕಿತ್ತು ಜೊಂಡಿಗೆ ಕಟ್ಟಿದ್ದೀರಲ್ಲ, ಅದೇ ಜಾಗ."

"ಲೇ, ಅಲ್ಲಿ ಎಷ್ಟೋ ತಾಯಂದಿರ ಗೂಡೇ ಹೋಗಿದೆ. ನಿನಗೆ ಒಂದು ತೂತಿನ ಚಿಂತೆ. ಸ್ವಾರ್ಥಿ!"

"ಆ ತಾಯಂದಿರ ಹೆಸರು ಗೊತ್ತಾ ನಿಮಗೆ?"

"ಹೆಸರು ಯಾಕೆ?"

"ನಿಮ್ಮ ಮೂರನೇ ಮರಿ ಗಂಡೋ ಹೆಣ್ಣೋ, ಅದಾದ್ರೂ ಗೊತ್ತಾ?"

ಹೊನ್ನಪ್ಪ, ಮಾತಿಗೆ ಸೋತ ಗಂಡಸರು ಮಾಡುವ ಹಾಗೆ ರೆಕ್ಕೆ ಕೊಡವಿ ಹೊರಟ. ಹೋಗುವಾಗ ಬಾಗಿಲ ಅಂಚಿನಿಂದ ಇನ್ನೊಂದು ಎಳೆ ಕಿತ್ತುಕೊಂಡೇ ಹೋದ! ಇಂಥವನಿಗೆ ಏನು ಅನ್ನಬೇಕು, ನೀವೇ ಹೇಳಿ.

ನಂಜಿ ಒಂದು ಎಳೆಯನ್ನೂ ಜೊಂಡಿಗೆ ಕಟ್ಟಿರಲಿಲ್ಲ. ಚೌಡಕ್ಕ ದಿನಾ ಅವಳ ಗೂಡಿನ ಮುಂದೆ ಕೂತು ಹಂಗಿಸುತ್ತಿದ್ದಳು. "ಏನೇ ನಂಜಿ, ಕಲ್ಲು ಕಣೇ ನಿನ್ನೆದೆ! ನೀನು ಗಿಡುಗನ ನೆಂಟಳಾ?" ನಂಜಿ ತನ್ನ ಪಾಡಿಗೆ ಮರಿಗಳಿಗೆ ಹುಳ ತಿನ್ನಿಸುತ್ತಿದ್ದಳು.

ಹೀಗಿರುವಾಗ ಒಂದು ಸಂಜೆ ಒಂದು ಬಾತು ಬಂದು ಕೆರೆಗೆ ಬಿತ್ತು. ಇಳಿಯಲಿಲ್ಲ ಮಕ್ಕಳೇ, ಬಿತ್ತು. ರೆಕ್ಕೆಯ ಅಂಚು ಹರಿದಿತ್ತು. ಕಣ್ಣು ಗುಳಿಬಿದ್ದಿತ್ತು. ಕಾಲೆಳೆಯುತ್ತಾ ಜೊಂಡಿನ ಹತ್ತಿರ ಬಂತು.

"ಅಕ್ಕಂದಿರಾ, ಅಣ್ಣಂದಿರಾ, ಈ ಜೊಂಡಿನೊಳಗೆ ಸ್ವಲ್ಪ ಒರಗಿಕೊಳ್ಳಲಾ? ಬಹಳ ದೂರದಿಂದ ಬಂದೆ."

ಅಲ್ಲಿ ಆಗ ಜೋರು ಚರ್ಚೆ. ಬಾತುಗಳಿಗಾಗಿ ಮೊದಲ ಎಳೆ ಕಟ್ಟಿದವರು ಯಾರು ಅಂತ. ಹೊನ್ನಪ್ಪ ತಾನು ಅಂತಾನೆ, ಪಕ್ಕದ ಗೂಡಿನ ಕೆಂಚ ತಾನು ಅಂತಾನೆ.

"ಏಯ್, ಆಚೆ ಹೋಗು!" ಅಂತ ಚೌಡಕ್ಕ ಹಾರಿಬಂದಳು. "ಇದು ಬಾತುಗಳ ದುಃಖಕ್ಕೆ ಕಟ್ಟಿದ ಹುಲ್ಲು. ನೀನು ನುಗ್ಗಿದ್ರೆ ಎಲ್ಲ ಕಳಚಿಹೋಗುತ್ತೆ."

"ನಾನು ಬಾತು ಅಲ್ವಾ ತಾಯಿ" ಅಂತು ಅದು. "ಹಿಮದ ಬೆಟ್ಟದಾಚೆ ಕೆರೆಯವಳು. ನನ್ನ ಮರಿಗಳನ್ನೇ ಅವು..."

ಕೆಂಚ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಚೌಡಕ್ಕ ಕತ್ತು ಓರೆ ಮಾಡಿ ನೋಡಿದಳು. "ಅಷ್ಟೊಂದು ಕಷ್ಟಪಟ್ಟವಳು ಹೀಗಾ ಇರ್ತಾಳೆ? ಅಳ್ತಾನೂ ಇಲ್ಲ. ನಾವು ಎಷ್ಟು ದಿನದಿಂದ ಅಳ್ತಿದ್ದೀವಿ, ನೋಡು! ಸುಳ್ಳುಬುರುಕಿ. ನಡಿ, ನಡಿ."

ಹೊನ್ನಪ್ಪನೂ ಸೇರಿಕೊಂಡ. "ಹೌದಮ್ಮ, ಹುಲ್ಲು ಕೆಡುತ್ತೆ. ಬೇರೆ ಕಡೆ ನೋಡ್ಕೊ."

ನಂಜಿ ಗೂಡಿನಿಂದ ತಲೆ ಹೊರಹಾಕಿ ಕೂಗಿದಳು. "ತಂಗಿ, ಈ ಕಡೆ ಬಾ! ನನ್ನ ಗೂಡಿನ ಕೆಳಗೆ ನೀರು ತಣ್ಣಗಿದೆ, ಯಾರೂ ಏಳಿಸೋಲ್ಲ."

ಬಾತು ತೇಲಿಕೊಂಡು ಹೋಗಿ ಅಲ್ಲೇ ತಲೆ ಹುದುಗಿಸಿತು.

ಅಷ್ಟರಲ್ಲಿ ಗಾಳಿ ಎದ್ದಿತು. ಗೂಡು ಗಿರಗಿರ ಸುತ್ತಿತು. ತಳದ ತೂತು ಅಗಲವಾಯಿತು. ನಂಜಿ ಎರಡೂ ರೆಕ್ಕೆ ಹರವಿ ತೂತಿನ ಮೇಲೆ ಮಲಗಿಬಿಟ್ಟಳು.

"ರೀ! ನಾಲ್ಕು ಎಳೆ ತಗೊಂಡು ಬೇಗ ಬನ್ನಿ!"

"ಬಂದೆ, ಬಂದೆ! ಈ ಕೆಂಚನಿಗೆ ಒಂದು ಮಾತು ಹೇಳಿ ಬಂದೆ!"

"ರೀ, ಮಕ್ಕಳು ಜಾರ್ತಿದ್ದಾವೆ!"

"ಒಂದೇ ಮಾತು ಕಣೇ!"

ಆ ಒಂದು ಮಾತು ಮುಗಿಯಲಿಲ್ಲ. ಗೂಡಿನ ತಳ ಕಿತ್ತುಬಂತು. ಮೂರು ಮರಿಗಳೂ ನೀರಿಗೆ ಬಿದ್ದವು. ಬಾತು ದಡಬಡ ಎದ್ದು, ಹರಿದ ರೆಕ್ಕೆಯಲ್ಲೇ ನೀರು ಬಡಿಯುತ್ತಾ ಮುಳುಗಿತು. ಎದ್ದಾಗ ಅದರ ಕೊಕ್ಕಿನಲ್ಲಿ ಒಂದು ಮರಿ ಇತ್ತು. ಮರಿಯನ್ನು ತೇಲುತ್ತಿದ್ದ ಗೂಡಿನ ಹುಲ್ಲಿನ ಮೇಲಿಟ್ಟು ಮತ್ತೆ ಮುಳುಗಿತು, ಮತ್ತೆ ಮತ್ತೆ ಮುಳುಗಿತು. ಉಳಿದ ಎರಡು ಸಿಗಲಿಲ್ಲ.

ನೀರಿಗೆ ತಾಗುವ ಹಾಗೆ ಒಂದು ಅರೆಬರೆ ಗೂಡು ತೂಗುತ್ತಿತ್ತು, ಹೊನ್ನಪ್ಪ ಹಿಂದೆ ಯಾವಾಗಲೋ ಅರ್ಧಕ್ಕೆ ಬಿಟ್ಟದ್ದು. ಬಾತು ಮರಿಯನ್ನೆತ್ತಿ, ಕತ್ತು ಚಾಚಿ ಅದರೊಳಗೆ ಇಟ್ಟಿತು. ಅದಕ್ಕೆ ಒಂದು ಕಡೆ ಗೋಡೆಯೇ ಇಲ್ಲ. ನಂಜಿ ಸೀದಾ ಜೊಂಡಿಗೆ ಹಾರಿ, ಕಟ್ಟಿದ ಹುಲ್ಲನ್ನು ಪಟಪಟ ಕಿತ್ತಳು.

"ಅಯ್ಯಯ್ಯೋ, ದುಃಖದ ಹುಲ್ಲು ಕೀಳ್ತಾಳೆ!" ಚೌಡಕ್ಕ ಬೊಬ್ಬೆ ಹೊಡೆದಳು. "ಮಾನಗೆಟ್ಟವಳೇ!"

"ನನ್ನ ಮನೆ ಹುಲ್ಲು ನಾನು ತಗೊಂಡು ಹೋಗ್ತೀನಿ" ಅಂದಳು ನಂಜಿ. "ಆ ಹಸಿರು ಗರಿ ಮುಟ್ಟೋಲ್ಲ ಚೌಡಕ್ಕ. ಅದನ್ನ ಯಾರ ಮನೆಯಿಂದ ತಂದೆ ಅಂತ ನೀನೇ ಎಲ್ಲರಿಗೂ ಹೇಳು."

ಚೌಡಕ್ಕನ ಬಾಯಿ ಮೊದಲ ಸಲ ಕಟ್ಟಿತು. ಕಟ್ಟಿದ್ದು ಎಷ್ಟು ಹೊತ್ತು? ಬೆಳಗಾಗುವವರೆಗೆ.

ಬೆಳಿಗ್ಗೆ ಜೊಂಡಿನ ಮೇಲೆ ಮತ್ತೆ ಅದೇ ಗಂಟಲು. "ಕೇಳಿದ್ರಾ? ನಮ್ಮ ಮರದಲ್ಲೇ ಘೋರ! ನಂಜಿಯ ಮಕ್ಕಳು ಹೋದವಂತೆ! ಎಲ್ಲರೂ ಗೂಡಿಂದ ಒಂದೊಂದು ಎಳೆ ಕಿತ್ತು ತನ್ನಿ, ಕಟ್ಟೋಣ! ಕಟ್ಟದವರು ಗಾಳಿಯ ಕಡೆಯವರು!"

ನಿನ್ನೆಯವರೆಗೆ ಕಲ್ಲೆದೆಯವಳಾಗಿದ್ದ ನಂಜಿ ಇವತ್ತು ಸುದ್ದಿಯಾಗಿದ್ದಳು. ಗೀಜಗಗಳು ಸಾಲಾಗಿ ಎಳೆ ಹಿಡಿದು ಹೊರಟವು. ಎಲ್ಲರಿಗಿಂತ ಮುಂದೆ ಹೊನ್ನಪ್ಪ. ಅವನ ಅಳು ಕೇಳಲಾಗುತ್ತಿರಲಿಲ್ಲ. ಸುಳ್ಳು ಅಳು ಅಂತ ನಾನು ಹೇಳುವುದಿಲ್ಲ. ಆದರೆ ಅಳುತ್ತಾ ಅಳುತ್ತಾ ಅವನು ಏನು ಮಾಡಿದ ಅಂತ ಕೇಳಿ. ಕಟ್ಟಲು ಎಳೆ ಬೇಕಲ್ಲ, ಆ ಅರೆಬರೆ ಗೂಡಿನ ತಳಕ್ಕೆ ಕೊಕ್ಕು ಹಾಕಿ ಒಂದನ್ನು ಎಳೆದ. ಒಳಗೆ ಉಳಿದ ಒಂದೇ ಮರಿ ಚಿಂವ್ ಅಂತು.

ನಂಜಿ ಹಾರಿಬಂದವಳೇ ಅವನ ಹಳದಿ ನೆತ್ತಿಗೆ ಕುಕ್ಕಿದಳು. ಪುಕ್ಕ ಹಾರಿತು.

"ಬಿಡ್ರೀ! ಸತ್ತ ಮಕ್ಕಳಿಗೆ ತೋರಣ ಕಟ್ಟೋಕೆ ಬದುಕಿರೋ ಮಗುವಿನ ನೆಲ ಕೀಳ್ತೀರಾ?"

ಹೊನ್ನಪ್ಪ ಎಳೆ ಬಿಟ್ಟು ಹಿಂದೆ ಸರಿದ. ನಂಜಿ ಉಳಿದವರ ಕಡೆ ತಿರುಗಿದಳು.

"ನೀವೆಲ್ಲ ಎಲ್ಲಿಗೆ ಹೊರಟ್ರಿ? ನನ್ನ ಮಕ್ಕಳು ಜೊಂಡಿನಲ್ಲಿ ಇದ್ದಾರಾ? ನಾನು ಇಲ್ಲಿದ್ದೀನಿ. ನನ್ನ ಕೊಕ್ಕು ಇಲ್ಲಿದೆ. ನಿನ್ನೆ ಸಂಜೆ ಕೂಗಿದಾಗಲೂ ಇಲ್ಲೇ ಇತ್ತು!"

ಕೊನೆಗೆ ಕೆಂಚ ಬಂದ. ಒಂದು ಮಾತಾಡದೆ ತನ್ನ ಎಳೆಯನ್ನು ನಂಜಿಯ ಕೊಕ್ಕಿಗೆ ಕೊಟ್ಟು, ತಲೆ ತಗ್ಗಿಸಿ ಹೋದ. ಅವನ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಬಾತು ಜೊಂಡಿಗೆ ಕಟ್ಟಿದ್ದ ಹಳೇ ಹುಲ್ಲನ್ನೆಲ್ಲ ಬಿಚ್ಚಿ ಬಿಚ್ಚಿ ತಂದು ಕೊಟ್ಟಿತು. ಬಿಸಿಲೇರುವ ಹೊತ್ತಿಗೆ ಗೂಡಿಗೆ ಗೋಡೆ ಬಂತು, ಜೊಂಡಿನೊಳಗೆ ಬಾತುವಿಗೆ ಜಾಗವೂ ಆಯಿತು.

ಚೌಡಕ್ಕ? ಕೇಳಿಸಿಕೊಳ್ಳುವವರು ಇಲ್ಲದೆ ಮನೆಗೆ ಹೋದಳು. ಅವಳು ಜೊಂಡಿನ ಮೇಲೆ ಊಳಿಡುತ್ತಿದ್ದ ಹೊತ್ತಿನಲ್ಲಿ ಗಿಳಿಗಳು ಬಂದು ಪೊಟರೆಯಲ್ಲಿ ಕೂತಿದ್ದವು. ಒಳಗಿನಿಂದ ಎರಡು ಕೆಂಪು ಕೊಕ್ಕು ಹೊರಬಂದವು. ಅವಳು ಕಿರುಚಿದ ಕಿರುಚು ಕಾಡೆಲ್ಲ ಕೇಳಿತು. ಅವಳಿಗಾಗಿ ಒಬ್ಬರೂ ಹುಲ್ಲು ಕಟ್ಟಲಿಲ್ಲ. ನನಗಂತೂ ಹೊಟ್ಟೆ ತಣ್ಣಗಾಯಿತು.

ಎಲ್ಲರೂ ಹೋದಮೇಲೆ ಹೊನ್ನಪ್ಪ ಬಂದ. ಹೊಲದಿಂದ ಒಂದು ಉದ್ದನೆಯ ಹಸಿ ಎಳೆ ತಂದಿದ್ದ.

ನಂಜಿ ಎಳೆಯನ್ನು ಕೊಕ್ಕಿನಿಂದ ತೆಗೆದುಕೊಂಡಳು.

"ಹುಲ್ಲು ಒಳಗೆ ಬರಲಿ" ಅಂದಳು. "ನೀವು ಆಚೆ ಇರಿ."

ನೀತಿ: ದೂರದವರ ನೋವಿಗೆ ಕರಗುವುದು ತಪ್ಪಲ್ಲ, ಆದರೆ ಕರಗಿದ್ದನ್ನು ಊರಿಗೆಲ್ಲ ತೋರಿಸಲು ಹೊರಟವನಿಗೆ ಬಾಗಿಲಿಗೆ ಬಂದ ನೋವೂ ಕಾಣುವುದಿಲ್ಲ, ಮನೆಯೊಳಗಿನ ಕೂಗೂ ಕೇಳುವುದಿಲ್ಲ.